ಕಣದಲ್ಲಿ ಒಂದು ರಾತ್ರಿ

ಕೇಳುಗರಿಗೆ ನಮಸ್ಕಾರ.

ನಾನೊಬ್ಬ ಹ್ಯಾಮ್. ಅಂದರೆ ರೇಡಿಯೋ ಹುಚ್ಚಿನವನು. ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದು, ಮನೆಯಲ್ಲೇ ಒಂದು ಸೆಟ್ ಇಟ್ಟುಕೊಂಡು ದೂರದೂರಿನವರ ಜೊತೆ ಮಾತಾಡುತ್ತೇನೆ. ಮೊಬೈಲ್ ಇರುವಾಗ ಇದೆಲ್ಲ ಯಾಕೆ ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಯನ್ನು ನನ್ನ ಹೆಂಡತಿ ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ಅವಳ ತಮ್ಮನ ಹುಚ್ಚು ಬೇರೆ, ಅವನದು ಟೆಲಿಸ್ಕೋಪು. ಭಾವ, ಭಾವಮೈದ ಇಬ್ಬರೂ ಹೀಗಾದರೆ ಮನೆಯವರ ಗತಿ ಏನು ಅಲ್ವಾ?

2025ರ ಡಿಸೆಂಬರ್ 13, ಶನಿವಾರ. ಜೆಮಿನಿಡ್ ಉಲ್ಕೆಗಳು ಜಾಸ್ತಿ ಬೀಳುವ ರಾತ್ರಿ. ಚಂದ್ರ ಹುಟ್ಟುವುದು ನಡುರಾತ್ರಿ ಕಳೆದ ಮೇಲೆ. ಟೆಂಟು, ಟೆಲಿಸ್ಕೋಪು, ನನ್ನ ಸೆಟ್ಟು, ಬ್ಯಾಟರಿ ಎಲ್ಲ ಕಾರಿಗೆ ತುಂಬಿಕೊಂಡು ಬೆಂಗಳೂರು ಬಿಟ್ಟೆವು. ಗೌರಿಬಿದನೂರು ದಾಟಿ ಮಧುಗಿರಿ ಕಡೆ ಹೋದರೆ ಪರಿಚಯದ ರೈತರೊಬ್ಬರ ಹೊಲ. ರಾಗಿ ಕೊಯ್ದು ಮೆದೆ ಹಾಕಿದ್ದರು. ಕಣ ಸಾರಿಸಿ ಸಿದ್ಧವಾಗಿತ್ತು, ಒಕ್ಕಣೆ ಇನ್ನೂ ಶುರುವಾಗಿರಲಿಲ್ಲ. ಟೆಲಿಸ್ಕೋಪ್ ನಿಲ್ಲಿಸಲು ಅಷ್ಟು ಮಟ್ಟಸವಾದ ನೆಲ ಇನ್ನೆಲ್ಲಿ ಸಿಗಬೇಕು! ಯಜಮಾನರು ಒಂದೇ ಷರತ್ತು ಹಾಕಿದರು. “ಕಣದೊಳಕ್ಕೆ ಚಪ್ಪಲಿ ಮೆಟ್ಕೊಂಡು ಬರಬೇಡ್ರಪ್ಪ.” ಡಿಸೆಂಬರ್ ಚಳಿಯಲ್ಲಿ ರಾತ್ರಿಯೆಲ್ಲ ಬರಿಗಾಲು.

ನನ್ನ ಮೊದಲ ಕೆಲಸ ಆಂಟೆನಾ ಕಟ್ಟುವುದು. ನಾನು ಮಾತಾಡುವುದು 40 ಮೀಟರ್ ಬ್ಯಾಂಡಿನಲ್ಲಿ. ಅದಕ್ಕೆ ಅಲೆಯ ಅರ್ಧದಷ್ಟು, ಅಂದರೆ ಸುಮಾರು 20 ಮೀಟರ್ ತಂತಿ ಬೇಕು. ನಡುಭಾಗವನ್ನು ಮರಕ್ಕೆ ಎತ್ತಿ ಕಟ್ಟಿ, ಎರಡು ತುದಿಗಳನ್ನು ಎರಡು ಕಡೆ ಇಳಿಬಿಟ್ಟರೆ ಸಾಕು. ಹೊಲದ ಬದುವಿನಲ್ಲಿ ದೊಡ್ಡ ಹುಣಸೆ ಮರವಿತ್ತು. ಹಳೇ ಕಾಲುಚೀಲಕ್ಕೆ ಕಲ್ಲು ತುಂಬಿ, ಅದಕ್ಕೆ ದಾರ ಕಟ್ಟಿ, ಕೊಂಬೆಯ ಮೇಲಿಂದ ಎಸೆದೆ. ಮೊದಲನೇ ಸಲ ಕೊಂಬೆಗೇ ತಾಕಲಿಲ್ಲ. ಎರಡನೇ ಸಲ ಎಲ್ಲೋ ಸಿಕ್ಕಿಕೊಂಡಿತು, ಎಷ್ಟು ಎಳೆದರೂ ದಾರ ಕಿತ್ತು ಬಂತೇ ಹೊರತು ಕಾಲುಚೀಲ ಬರಲಿಲ್ಲ. ಕಾಲಲ್ಲಿದ್ದ ಕಾಲುಚೀಲವನ್ನೇ ಬಿಚ್ಚಬೇಕಾಯಿತು. ಮೂರನೇ ಸಲಕ್ಕೆ ದಾಟಿತು.

ಸೂರ್ಯ ಮುಳುಗುತ್ತಿದ್ದಂತೆ ಬ್ಯಾಂಡ್ ಕಳೆಗಟ್ಟಿತು. ರಾತ್ರಿಯಾದರೆ ಮೀಡಿಯಂ ವೇವ್‌ನಲ್ಲಿ ದೂರದ ಸ್ಟೇಷನ್‌ಗಳು ಕೇಳಿಸುತ್ತವಲ್ಲ, ಇಲ್ಲೂ ಅದೇ ಸಂಗತಿ. ಹಗಲು ಹೊತ್ತು ಆಕಾಶದ ಒಂದು ಕೆಳಪದರ ನಮ್ಮ ಸಿಗ್ನಲ್ಲನ್ನು ಹೀರಿಬಿಡುತ್ತದೆ. ಬಿಸಿಲು ಹೋದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ, ಬಾಗಿ, ದೂರದಲ್ಲಿ ಇಳಿಯುತ್ತವೆ. “ಸಿಕ್ಯೂ, ಸಿಕ್ಯೂ” ಅಂತ ಕರೆದೆ. ಯಾರಾದರೂ ಇದ್ದೀರಾ ಅಂತ ಅರ್ಥ. ಕೇರಳದಿಂದ ಒಬ್ಬರು ಉತ್ತರ ಕೊಟ್ಟರು. ನಾನು ಹುಣಸೆ ಮರದ ಕೆಳಗಿದ್ದೇನೆ ಅಂದರೆ, ಅವರು ತೆಂಗಿನ ಮರಕ್ಕೆ ತಂತಿ ಕಟ್ಟಿದ್ದೇನೆ ಅಂದರು.

ಅಷ್ಟರಲ್ಲಿ ಕಣದಿಂದ ಕೂಗು ಬಂತು. “ಭಾವ, ಆ ಲೈಟು!”

ನನ್ನ ಸೆಟ್ಟಿನ ಡಯಲ್ ಬೆಳಕು ಅವನ ಕಣ್ಣಿಗೆ ಹೊಡೆದಿತ್ತು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಕೆಡಲು ಒಂದು ಕ್ಷಣ ಸಾಕು. ಕೆಂಪು ಬೆಳಕಾದರೆ ಅಷ್ಟು ತೊಂದರೆಯಿಲ್ಲ. ಅವನು ಕೊಟ್ಟ ಕೆಂಪು ಜಿಲೇಟಿನ್ ಕಾಗದವನ್ನು ಡಯಲ್‌ಗೆ ಅಂಟಿಸಿ ರಾಜಿಯಾದೆವು.

ಊಟವಾದ ಮೇಲೆ ಯಜಮಾನರು ಬೇಯಿಸಿದ ಅವರೆಕಾಯಿ ಹಿಡಿದುಕೊಂಡು ಬಂದರು. ಭಾವಮೈದ ಅವರಿಗೆ ಶನಿ ಗ್ರಹ ತೋರಿಸಲು ಹೊರಟ. ಅವರು ಎರಡು ಹೆಜ್ಜೆ ಹಿಂದೆ ಸರಿದರು. “ಶನಿಮಹಾತ್ಮ ನಮ್ಮನ್ನ ನೋಡದಿದ್ರೆ ಸಾಕು ಅಂತಿದ್ದೀವಿ. ನಾವಾಗೇ ಹೋಗಿ ನೋಡೋದಾ?” ಕೊನೆಗೆ ಕೈಮುಗಿದೇ ಬಗ್ಗಿದರು. ಈ ಸಲ ಶನಿಯ ಬಳೆ ನಮಗೆ ಅಂಚು ತೋರಿಸುತ್ತಿತ್ತು, ಗೀಟು ಎಳೆದಷ್ಟು ತೆಳು. ಆಮೇಲೆ ಆರ್ದ್ರಾ ನಕ್ಷತ್ರ ತೋರಿಸಿದಾಗ ಮಾತ್ರ ಅವರ ಮುಖ ಅರಳಿತು. “ಆದರೆ ಆರಿದ್ರೆ, ಇಲ್ಲದಿದ್ರೆ ದರಿದ್ರ ಅಂತಾರಲ್ಲ, ಆ ಆರಿದ್ರೆ ಮಳೆ ಇದರದ್ದಾ? ಇಷ್ಟು ಕೆಂಪಗಿದೆ!” ವರ್ಷಾ ವರ್ಷಾ ಬಾಯಲ್ಲಿ ಆಡಿದ ಹೆಸರು. ನಕ್ಷತ್ರ ಮಾತ್ರ ಅಂದೇ ಕಣ್ಣಿಗೆ ಬಿದ್ದದ್ದು.

ಪುನರ್ವಸುವಿನ ಪಕ್ಕದಲ್ಲಿ ಗುರು ಹೊಳೆಯುತ್ತಿದ್ದ. ಆ ಗುರು ಕೂಡ ಒಂದು ರೇಡಿಯೋ ಸ್ಟೇಷನ್ ಅಂದರೆ ನಂಬುತ್ತೀರಾ? 20 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅಲ್ಲಿಂದ ಆಗಾಗ ಸಮುದ್ರದ ಅಲೆಯಂಥ ಸದ್ದು ಬರುತ್ತದೆ. 1955ರಲ್ಲಿ ಅಮೆರಿಕದ ಬರ್ಕ್ ಮತ್ತು ಫ್ರಾಂಕ್ಲಿನ್ ಅದನ್ನು ಪತ್ತೆ ಮಾಡಿದರು. ಅದಕ್ಕೂ ಹಿಂದಿನ ಕಥೆ ನನಗಿನ್ನೂ ಇಷ್ಟ. 1930ರ ದಶಕದ ಮೊದಲಲ್ಲಿ ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರ್, ದೂರವಾಣಿಗೆ ಅಡ್ಡಬರುವ ಗೊರಗೊರ ಸದ್ದಿನ ಮೂಲ ಹುಡುಕುತ್ತಿದ್ದರು. ಒಂದು ಸದ್ದು ದಿನಾ 4 ನಿಮಿಷ ಬೇಗ ಬರುತ್ತಿತ್ತು. ನಕ್ಷತ್ರಗಳು ಹುಟ್ಟುವುದೂ ದಿನಕ್ಕೆ 4 ನಿಮಿಷ ಬೇಗ! ಆಕಾಶಗಂಗೆಯೇ ಸದ್ದು ಮಾಡುತ್ತಿತ್ತು. ದೊಡ್ಡವರು ಯಾರೂ ಅದರ ಬೆನ್ನು ಹತ್ತಲಿಲ್ಲ. ಹತ್ತಿದ್ದು ನಮ್ಮಂಥ ಒಬ್ಬ ಹ್ಯಾಮ್, ಗ್ರೋಟ್ ರೀಬರ್. 1937ರಲ್ಲಿ ಸ್ವಂತ ದುಡ್ಡು ಹಾಕಿ, ಮನೆಯ ಪಕ್ಕದಲ್ಲೇ ಸುಮಾರು 9 ಮೀಟರ್ ಅಗಲದ ಡಿಶ್ ಕಟ್ಟಿದರು. ನೆರೆಹೊರೆಯವರು ಏನಂದುಕೊಂಡರೋ! ನಾವು ದಾಟಿ ಬಂದ ಗೌರಿಬಿದನೂರಿನ ಹತ್ತಿರವೂ ರೇಡಿಯೋ ದೂರದರ್ಶಕವಿದೆ. ಅಲ್ಲೂ ಸಾಲು ಸಾಲಾಗಿ ನಿಲ್ಲಿಸಿರುವುದು ನನ್ನ ಹುಣಸೆ ಮರದ ತಂತಿಯ ಜಾತಿಯವೇ, ಡೈಪೋಲ್‌ಗಳು. ಅವರ ಕಿವಿಗೆ ನನ್ನ ಗದ್ದಲ ಬೀಳದಿರಲಿ ಅಂತಲೇ ನಾವು ಅಷ್ಟು ದೂರ ಹೋಗಿದ್ದು.

ಹನ್ನೊಂದು ದಾಟಿದ ಮೇಲೆ ಉಲ್ಕೆಗಳು ಜೋರಾದವು. ಆಗ ನನಗೊಂದು ಆಟ ನೆನಪಾಯಿತು. ಉಲ್ಕೆ ಉರಿಯುವುದು ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ. ಅದು ಹೋದ ದಾರಿಯ ಗಾಳಿಗೆ ಒಂದು ಕ್ಷಣ ವಿದ್ಯುತ್ ಗುಣ ಬರುತ್ತದೆ. ಆ ಗೆರೆಗೆ ತಾಗಿ ಎಫ್‌ಎಂ ಅಲೆ ಕೂಡ ನೂರಾರು ಕಿಲೋಮೀಟರ್ ಆಚೆ ಇಳಿಯಬಹುದು. ಆದರೆ ನನ್ನ ದುಬಾರಿ ಸೆಟ್ಟಿನಲ್ಲಿ ಎಫ್‌ಎಂ ಬ್ಯಾಂಡೇ ಇಲ್ಲ! ಯಜಮಾನರು ಹೆಗಲಿಗೆ ನೇತುಹಾಕಿಕೊಂಡಿದ್ದ ಟ್ರಾನ್ಸಿಸ್ಟರ್ ಕೊಟ್ಟರು. ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ಮುಳ್ಳು ತಿರುಗಿಸಿ ಇಟ್ಟೆ. ಬರೀ ಸುಯ್ ಅನ್ನೋ ಸದ್ದು. ಮೂವರೂ ಗೋಣಿಚೀಲದ ಮೇಲೆ ಮಲಗಿ, ಸುಮ್ನೆ ಆಕಾಶ ನೋಡುತ್ತಿದ್ದೆವು. ಹತ್ತು ನಿಮಿಷ. ಹದಿನೈದು ನಿಮಿಷ.

ಇದ್ದಕ್ಕಿದ್ದ ಹಾಗೆ ಒಂದು ಹೆಂಗಸಿನ ದನಿ. ಹಾಡಿನ ಒಂದು ಚೂರು. ಅರ್ಧ ಸೆಕೆಂಡ್ ಇರಬಹುದು. ಮತ್ತೆ ಸುಯ್.

“ಯಾವ ಊರಿನ ಸ್ಟೇಷನ್ನು ಸ್ವಾಮಿ ಅದು?” ಅಂದರು ಯಜಮಾನರು.

“ಹೆಸರು ಹೇಳೋವಷ್ಟರಲ್ಲಿ ಗೆರೆ ಆರಿಹೋಯ್ತು, ಯಜಮಾನ್ರೇ.”

ಅವರು ಟ್ರಾನ್ಸಿಸ್ಟರನ್ನು ಎದೆಯ ಮೇಲೆ ಇಟ್ಟುಕೊಂಡು, ಕಂಬಳಿ ಎಳೆದುಕೊಂಡರು. ಚಂದ್ರ ಹುಟ್ಟಿದ ಮೇಲೂ ಮನೆಗೆ ಹೋಗಲಿಲ್ಲ.

ಬೆಳಿಗ್ಗೆ ತಂತಿ ಇಳಿಸಿ, ಟೆಂಟ್ ಸುತ್ತಿ, ಕಣ ಗುಡಿಸಿಕೊಟ್ಟು ಹೊರಟೆವು. ನನ್ನ ಆ ಮೊದಲನೇ ಕಾಲುಚೀಲ ಮಾತ್ರ ಇನ್ನೂ ಹುಣಸೆ ಮರದಲ್ಲೇ ಇದೆಯಂತೆ. ಈಚೆಗೆ ಫೋನ್ ಮಾಡಿದಾಗ ಯಜಮಾನರೇ ಹೇಳಿದರು.

ನಮಸ್ಕಾರ.