ಚಳಿಗೆ ಹೆಪ್ಪುಗಟ್ಟದ ಅಳಿಲು, ಸೆಕೆಗೆ ದನಿ ಬದಲಿಸಿದ ಕಪ್ಪೆ

ನಮಸ್ಕಾರ ಎಲ್ಲರಿಗೂ. ಇವತ್ತು ಎರಡು ಪುಟ್ಟ ಜೀವಿಗಳ ಕತೆ. ಒಂದು ಅಲಾಸ್ಕಾ, ಉತ್ತರ ಕೆನಡಾ, ಸೈಬೀರಿಯಾದ ಆರ್ಕ್ಟಿಕ್ ನೆಲ ಅಳಿಲು. ಇನ್ನೊಂದು ಪೋರ್ಟೊ ರಿಕೊ ದ್ವೀಪದ ಕೊಕಿ ಕಪ್ಪೆ.

ಈ ಅಳಿಲಿನ ಮನೆ ನೆಲದೊಳಗಿನ ಬಿಲ. ಆದರೆ ಅಲ್ಲಿ ಕೆಳಗಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಆಳಕ್ಕೆ ತೋಡಲು ಆಗುವುದೇ ಇಲ್ಲ. ಹಾಗಾಗಿ ಚಳಿ ಬಿಲದೊಳಗೂ ಬರುತ್ತದೆ. ಅಂಥ ಜಾಗದಲ್ಲಿ ಅಳಿಲು ಏಳೆಂಟು ತಿಂಗಳು ಮುದುಡಿಕೊಂಡು ಮಲಗುತ್ತದೆ. ಮೈಬಿಸಿ ಇಳಿಯುತ್ತಾ ಇಳಿಯುತ್ತಾ ಸೊನ್ನೆಗಿಂತ ಕೆಳಕ್ಕೂ ಹೋಗುತ್ತದೆ. ಮೈನಸ್ 2.9 ಡಿಗ್ರಿ ಸೆಲ್ಸಿಯಸ್‌ವರೆಗೆ! ಬ್ರಯಾನ್ ಬಾರ್ನ್ಸ್ ಎಂಬ ವಿಜ್ಞಾನಿ 1989ರಲ್ಲಿ ಇದನ್ನು ಪ್ರಕಟಿಸಿದರು. ಅಷ್ಟಾದರೂ ರಕ್ತ ಮಂಜುಗಡ್ಡೆಯಾಗುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ಅಳಿಲು ಕಂದು ಕೊಬ್ಬು ಉರಿಸಿ, ಗಡಗಡ ನಡುಗಿ, ಮೈ ಬಿಸಿ ಮಾಡಿಕೊಳ್ಳುತ್ತದೆ. ಆಮೇಲೆ ಮತ್ತೆ ತಣ್ಣಗಾಗುತ್ತದೆ. ನನ್ನನ್ನು ಜಾಸ್ತಿ ಬೆರಗಾಗಿಸಿದ್ದು ಮಿದುಳಿನ ವಿಷಯ. ನೆಲ ಅಳಿಲುಗಳ ನರಕೋಶಗಳ ನಡುವಿನ ಕೊಂಡಿಗಳು ಈ ನಿದ್ದೆಯಲ್ಲಿ ಕುಗ್ಗುತ್ತವೆ, ಮೈ ಬಿಸಿಯಾದಾಗ ಮತ್ತೆ ಚಿಗುರುತ್ತವೆ.

ಕೊಕಿ ಮೂರರಿಂದ ಐದು ಸೆಂಟಿಮೀಟರ್ ಉದ್ದದ ಕಪ್ಪೆ. ಇದರಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಡೆದು ನೇರವಾಗಿ ಮರಿಕಪ್ಪೆಯೇ ಹೊರಬರುತ್ತದೆ. ಮೊಟ್ಟೆ ಕಾಯುವುದು ಅಪ್ಪ. ರಾತ್ರಿ ಗಂಡುಗಳು 'ಕೋ-ಕೀ' ಎಂದು ಕೂಗುತ್ತವೆ. 'ಕೋ' ಬೇರೆ ಗಂಡುಗಳಿಗೆ ಎಚ್ಚರಿಕೆ, 'ಕೀ' ಹೆಣ್ಣಿಗೆ ಕರೆ.

ಕಪ್ಪೆಗೆ ಅಳಿಲಿನ ಹಾಗೆ ಒಳಗಿನಿಂದ ಬಿಸಿ ಹುಟ್ಟಿಸುವ ಶಕ್ತಿಯಿಲ್ಲ. ಸುತ್ತಲ ಗಾಳಿ ಎಷ್ಟು ಬಿಸಿಯೋ ಮೈಯೂ ಹೆಚ್ಚುಕಡಿಮೆ ಅಷ್ಟೇ. ಬೆಟ್ಟದ ಮೇಲೆ ತಂಪಿರುವಲ್ಲಿ ಕೊಕಿಗಳು ದೊಡ್ಡವು, ದನಿಯೂ ದಪ್ಪ. ತಗ್ಗಿನಲ್ಲಿ ಸಣ್ಣವು, ಕೂಗು ಕೀಚಲು. ಪೀಟರ್ ನರಿನ್ಸ್ ಎಂಬುವರು 1983ರಲ್ಲಿ ಅಲ್ಲಿನ ಬೆಟ್ಟದ ದಾರಿಯುದ್ದಕ್ಕೂ ಈ ಕೂಗುಗಳನ್ನು ರೆಕಾರ್ಡ್ ಮಾಡಿದ್ದರು. 23 ವರ್ಷದ ನಂತರ ಅದೇ ದಾರಿಯಲ್ಲಿ ಮತ್ತೆ ಮಾಡಿದರು. ಅದೇ ಎತ್ತರದಲ್ಲಿ ಕಪ್ಪೆಗಳು ಸಣ್ಣದಾಗಿದ್ದವು, ಕೂಗು ಚುಟುಕಾಗಿ ಕೀಚಲಾಗಿತ್ತು. ಕಾರಣ, ಏರಿದ ಬಿಸಿ.

ಹಾಗಾದರೆ ಅಷ್ಟು ಗಟ್ಟಿಜೀವದ ಅಳಿಲಿಗೆ ತೊಂದರೆಯಿಲ್ಲ ಅಲ್ವಾ? ನನಗೆ ಹಾಗನಿಸುವುದಿಲ್ಲ. ಅಲಾಸ್ಕಾದಲ್ಲಿ 25 ವರ್ಷಗಳ ದಾಖಲೆ ನೋಡಿದಾಗ, ಹೆಣ್ಣು ಅಳಿಲುಗಳು ಮೊದಲಿಗಿಂತ ಹತ್ತು ದಿನದಷ್ಟು ಬೇಗ ಏಳುತ್ತಿರುವುದು ಗೊತ್ತಾಗಿದೆ. ಗಂಡುಗಳು ಮಾತ್ರ ಹಳೆಯ ಹೊತ್ತಿಗೇ ಏಳುತ್ತಿವೆ. ಗಂಡು ಹೆಣ್ಣಿಗಿಂತ ಮೊದಲೇ ಎದ್ದು, ಬಚ್ಚಿಟ್ಟ ಆಹಾರ ತಿಂದು, ಕೂಡುವುದಕ್ಕೆ ಮೈ ಸಿದ್ಧಮಾಡಿಕೊಳ್ಳಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ. ಆ ಸಮಯವೇ ಈಗ ಕಡಿಮೆಯಾಗುತ್ತಿದೆ.