ಹಗಲು ಕಸುಬು, ಸಂಜೆ ನಾಣ್ಯ

ಕೇಳುಗರೆಲ್ಲರಿಗೂ ನಮಸ್ಕಾರ.

ನಾಣ್ಯ ಕೂಡಿಡುವವರು ಅಂದ ಕೂಡಲೇ ನಿಮಗೆ ಯಾರು ನೆನಪಾಗುತ್ತಾರೆ? ದಪ್ಪ ಕನ್ನಡಕ, ಕೈತುಂಬ ದುಡ್ಡು, ಮಾಡಲು ಬೇರೆ ಕೆಲಸವಿಲ್ಲದ ಯಜಮಾನರು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಕೆಲಸ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿತ್ತು. ಹಗಲೆಲ್ಲ ದುಡ್ಡು ಎಣಿಸಿ ಸಾಕಾದವನಿಗೆ, ಸಂಜೆ ಮತ್ತೆ ದುಡ್ಡನ್ನೇ ಹಿಡಿದು ಕೂರುವ ಹುಚ್ಚು ಹತ್ತಿತು. ಆಮೇಲೆ ಇದೇ ಹುಚ್ಚಿನ ಉಳಿದವರು ಸಿಕ್ಕರು. ಒಬ್ಬರು ಲೇತ್ ಮೆಷಿನ್ ಕೆಲಸದವರು. ಒಬ್ಬರು ಹಲ್ಲಿನ ಡಾಕ್ಟರು. ಇನ್ನೊಬ್ಬರು ಕೆಮಿಸ್ಟ್ರಿ ಮೇಷ್ಟ್ರು. ಲಾರಿ ಓಡಿಸುವವರೂ ಇದ್ದಾರೆ. ಲೋಡು ಇಳಿಸಿದ ದಿನ ಮಾತ್ರ ಬರುತ್ತಾರೆ.

ಒಂದು ಸಂಜೆಯ ಮಾತು. ನನ್ನದೊಂದು ಬೆಳ್ಳಿ ನಾಣ್ಯ ತೋರಿಸಿ, "ಚೆನ್ನಾಗಿದೆ, ಆದರೆ ಯಾರೋ ಗೀರಿಬಿಟ್ಟಿದ್ದಾರೆ" ಅಂದೆ. ರಾಜನ ಕಿವಿಯಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆ. ಲೇತ್‌ನವರು ಅದನ್ನು ಅಂಚು ಹಿಡಿದು ಎತ್ತಿಕೊಂಡರು. ದೀಪದ ಕೆಳಗೆ ಓರೆ ಮಾಡಿದರು. "ಸಾರ್, ಇದು ಗೀರಲ್ಲ. ಗೀರಾಗಿದ್ದರೆ ತಗ್ಗು ಬೀಳಬೇಕಿತ್ತು. ಇದು ಉಬ್ಬಿದೆ ನೋಡಿ. ನಾಣ್ಯ ಒತ್ತುವ ಅಚ್ಚೇ ಸೀಳಿತ್ತು" ಅಂದರು. ಅಚ್ಚಿನಲ್ಲಿ ಬಿರುಕು ಬಿಟ್ಟರೆ, ಒತ್ತಡಕ್ಕೆ ಲೋಹ ಅದರೊಳಗೆ ನುಗ್ಗುತ್ತದೆ. ನಾಣ್ಯದ ಮೇಲೆ ಅದೇ ಉಬ್ಬುಗೆರೆ. ಅದೇ ಅಚ್ಚಿನ ಎರಡು ನಾಣ್ಯ ಸಿಕ್ಕರೆ, ಗೆರೆ ಉದ್ದ ಇರುವುದು ಆಮೇಲೆ ಹೊಡೆದದ್ದು. ನಾನು ಹತ್ತು ವರ್ಷ ನೋಡಿದ್ದ ನಾಣ್ಯ ಅದು. ಅವರು ನೋಡಿದ್ದು ಅರ್ಧ ನಿಮಿಷ.

ಅಂದಿನಿಂದ ನನಗೊಂದು ಅಭ್ಯಾಸ. ನಾಣ್ಯದ ಮಂದಿಯ ಬಗ್ಗೆ ಎಲ್ಲೇ ಓದಿದರೂ, ಇವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಅಂತ ಮೊದಲು ಹುಡುಕುತ್ತೇನೆ.

ಅಮೆರಿಕದ ಜೋಸೆಫ್ ಮಿಕ್ಲಿ ಪಿಯಾನೋ, ಪಿಟೀಲು ರಿಪೇರಿ ಮಾಡುತ್ತಿದ್ದರು. ಹುಟ್ಟಿದ್ದು 1799ರಲ್ಲಿ. ಹುಟ್ಟಿದ ವರ್ಷದ ಒಂದು ಸೆಂಟ್ ನಾಣ್ಯ ಇರಲಿ ಅಂತ ಸುಮ್ನೆ ಹುಡುಕಲು ಹೊರಟರು. ಆದರೆ 1799ರ ಸೆಂಟು ಸುಲಭಕ್ಕೆ ಸಿಗುವಂಥದ್ದಲ್ಲ! ಹುಡುಕುತ್ತಾ ಹುಡುಕುತ್ತಾ ಕೈಗೆ ಬಂದ ಉಳಿದವೇ ದೊಡ್ಡ ಸಂಗ್ರಹವಾದವು. 1867ರಲ್ಲಿ ಮನೆಗೆ ಕಳ್ಳರು ನುಗ್ಗಿ ಸಾಕಷ್ಟು ಹೊತ್ತೊಯ್ದರು. ಬೇಸತ್ತು ಉಳಿದದ್ದನ್ನು ಮಾರಿಬಿಟ್ಟರು.

ಅದೇ 1799ರಲ್ಲಿ ಹುಟ್ಟಿದ ಇನ್ನೊಬ್ಬರು ಜೇಮ್ಸ್ ಪ್ರಿನ್ಸೆಪ್. ಕಾಶಿ ಮತ್ತು ಕಲ್ಕತ್ತದ ಟಂಕಸಾಲೆಗಳಲ್ಲಿ ಚಿನ್ನ ಬೆಳ್ಳಿಯ ಚೊಕ್ಕತನ ಅಳೆಯುವ ಅಧಿಕಾರಿ. ಲೋಹವನ್ನು ಕೂದಲೆಳೆಯಷ್ಟೂ ತಪ್ಪದೆ ತೂಗುವುದು ದಿನದ ಕೆಲಸ. ಸಂಜೆ ಎದುರಿಗೆ ಹಳೆಯ ಇಂಡೋ-ಗ್ರೀಕ್ ನಾಣ್ಯಗಳು. ಒಂದು ಬದಿಯಲ್ಲಿ ಗ್ರೀಕ್ ಅಕ್ಷರ, ಇನ್ನೊಂದು ಬದಿಯಲ್ಲಿ ಆಗ ಯಾರಿಗೂ ಓದಲು ಬಾರದ ಖರೋಷ್ಠಿ ಲಿಪಿ. ಎರಡೂ ಕಡೆ ಇರುವುದು ಒಬ್ಬನೇ ರಾಜನ ಹೆಸರು ಅಂತಾದರೆ, ಗೊತ್ತಿರುವ ಅಕ್ಷರ ಹಿಡಿದು ಗೊತ್ತಿಲ್ಲದ್ದನ್ನು ಬಿಡಿಸಬಹುದಲ್ಲ? 1837ರಲ್ಲಿ ಅಶೋಕನ ಬ್ರಾಹ್ಮಿ ಲಿಪಿಯನ್ನೂ ಓದಿದರು. ತೀರಿಕೊಂಡಾಗ ಅವರಿಗೆ ಬರೀ ನಲವತ್ತು. ಈ ಮಂದಿಯಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಇಷ್ಟ ಇವರೇ.

ಡಾಕ್ಟರುಗಳಂತೂ ಜಾಸ್ತಿ. ಹದಿನೆಂಟನೆಯ ಶತಮಾನದ ವಿಲಿಯಂ ಹಂಟರ್ ಲಂಡನ್ನಿನ ಹೆಸರಾಂತ ಹೆರಿಗೆ ವೈದ್ಯರು, ರಾಣಿಗೂ ಅವರೇ. ಹೆರಿಗೆ ಮಾಡಿಸಿ ಗಳಿಸಿದ್ದರಲ್ಲಿ ದೊಡ್ಡ ಪಾಲು ನಾಣ್ಯಕ್ಕೆ ಹೋಯಿತು. ಆ ಸಂಗ್ರಹ ಈಗ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದೆ. 1891ರಲ್ಲಿ ಅಮೆರಿಕದ ನಾಣ್ಯ ಸಂಗ್ರಾಹಕರನ್ನೆಲ್ಲ ಒಂದು ಸಂಘಕ್ಕೆ ಸೇರಿಸಿದ ಜಾರ್ಜ್ ಹೀತ್ ಕೂಡ ಡಾಕ್ಟರೇ. ಷಿಕಾಗೋದ ವರ್ಜಿಲ್ ಬ್ರಾಂಡ್ ಮಾತ್ರ ಬಿಯರ್ ಕಾರ್ಖಾನೆಯವರು. ಮೂರೂವರೆ ಲಕ್ಷಕ್ಕೂ ಹೆಚ್ಚು ನಾಣ್ಯ ಕೂಡಿಹಾಕಿದರು. ಕೊಂಡದ್ದನ್ನೆಲ್ಲ ಲೆಡ್ಜರಿನಲ್ಲಿ ಬರೆದಿಟ್ಟಿದ್ದರು. ಕ್ಯಾಶಿಯರ್ ಆದ ನನಗೆ ಆ ನಾಣ್ಯಕ್ಕಿಂತ ಲೆಡ್ಜರಿನ ಮೇಲೇ ಕಣ್ಣು!

ಇನ್ನು ವಿಲಿಯಂ ಷೆಲ್ಡನ್. ಇವರು ಮನಶ್ಶಾಸ್ತ್ರಜ್ಞರು. ಮನುಷ್ಯರ ಮೈಕಟ್ಟಿನಲ್ಲಿ ಮೂರು ಬಗೆ ಮಾಡಿ, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ ಕೊಡುತ್ತಿದ್ದರು. ಅದೇ ಚಟ ನಾಣ್ಯಕ್ಕೂ ಬಂತು. ಅಮೆರಿಕದ ಹಳೆಯ ದೊಡ್ಡ ಸೆಂಟುಗಳಿಗೆ 1ರಿಂದ 70ರವರೆಗೆ ದರ್ಜೆ ಕೊಡುವ ಲೆಕ್ಕವನ್ನು 1949ರಲ್ಲಿ ಮುಂದಿಟ್ಟರು. ಮೈಕಟ್ಟಿನ ಸಿದ್ಧಾಂತವನ್ನು ಈಗ ಯಾರೂ ಒಪ್ಪುವುದಿಲ್ಲ. ಆದರೆ ನಾಣ್ಯದ ಆ 70 ಅಂಕ ಪ್ರಪಂಚವಿಡೀ ಓಡುತ್ತಿದೆ. ಒಂದು ಸಂಕೋಚದ ಮಾತೂ ಹೇಳಬೇಕು. ನ್ಯೂಯಾರ್ಕಿನ ನಾಣ್ಯ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು, ಆ ಜಾಗದಲ್ಲಿ ತಮ್ಮ ಕಳಪೆ ಸೆಂಟುಗಳನ್ನಿಟ್ಟಿದ್ದರು ಈ ಮಹಾಶಯರು. ಸತ್ತ ಮೇಲೆ ವಿಷಯ ಕೋರ್ಟು ಹತ್ತಿತು. ಅಂಕ ಕೊಡುವವರನ್ನೂ ಒಂದು ಕಣ್ಣಿಟ್ಟು ನೋಡಬೇಕು ಅನ್ನಿ.

ಕೆಮಿಸ್ಟ್ರಿ ಮೇಷ್ಟ್ರಿಂದ ನಾನು ಬೈಸಿಕೊಂಡದ್ದನ್ನೂ ಹೇಳಿಬಿಡುತ್ತೇನೆ. ಶುರುವಿನ ದಿನಗಳಲ್ಲಿ ಕಪ್ಪಾಗಿದ್ದ ಒಂದು ಬೆಳ್ಳಿ ನಾಣ್ಯವನ್ನು ಹಲ್ಲುಪುಡಿ ಹಾಕಿ ತಿಕ್ಕಿದ್ದೆ. ಫಳಫಳ ಅಂದಿತು. ಹೆಮ್ಮೆಯಿಂದ ತೋರಿಸಿದರೆ ಮೇಷ್ಟ್ರ ಮುಖ ಸಣ್ಣಗಾಯಿತು. ಆ ಕಪ್ಪು ಕೊಳೆಯಲ್ಲ, ಗಾಳಿಯಲ್ಲಿನ ಗಂಧಕಕ್ಕೆ ಬೆಳ್ಳಿ ಕಟ್ಟಿಕೊಂಡ ಪೊರೆ. ಟಂಕಸಾಲೆಯಿಂದ ಬರುವಾಗ ನಾಣ್ಯದ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿರುತ್ತವೆ. ಓಲಾಡಿಸಿದರೆ ಬೆಳಕು ಗಿರಗಿರನೆ ತಿರುಗುವುದು ಅವುಗಳಿಂದಲೇ. ತಿಕ್ಕಿದರೆ ಅವೂ ಹೋದವು. ಮತ್ತೆ ಬರುವುದಿಲ್ಲ. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹಸಿರು ಅಂಟು ಬಂದಿದ್ದರೆ ಮಾತ್ರ ಅವರು ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆಯುತ್ತಾರೆ, ತಿಕ್ಕದೆ. ಅದು ಅಂಟನ್ನು ಕರಗಿಸುತ್ತದೆ, ಲೋಹದ ತಂಟೆಗೆ ಹೋಗುವುದಿಲ್ಲ. ಬೆಂಕಿಯ ಹತ್ತಿರ ಮಾತ್ರ ಬೇಡ. ತಿಕ್ಕಿದ ಆ ನಾಣ್ಯ ಇನ್ನೂ ನನ್ನ ಹತ್ತಿರವೇ ಇದೆ. ಯಾರಿಗೂ ತೋರಿಸುವುದಿಲ್ಲ.

ಕ್ಯಾಶ್ ಕೌಂಟರಿನವನಿಂದ ಏನು ಪ್ರಯೋಜನ ಅಂತ ಗೆಳೆಯರು ನನ್ನನ್ನು ರೇಗಿಸುತ್ತಿದ್ದರು. ಮೊನ್ನೆ ಹಲ್ಲಿನ ಡಾಕ್ಟರು ಒಂದೇ ಬಗೆಯ ಹತ್ತು ಬೆಳ್ಳಿ ನಾಣ್ಯ ತಂದಿದ್ದರು. ಭೂತಗನ್ನಡಿ ಹಾಕಿ ಹಲ್ಲು ನೋಡುವ ಹಾಗೆ ಒಂದೊಂದನ್ನೂ ನೋಡಿ, ಎಲ್ಲ ಸರಿ ಅಂದಿದ್ದರು. ತೂಕವೂ ಸರಿ ಇತ್ತು. ನಾನು ಕೌಂಟರಿನಲ್ಲಿ ಮಾಡುತ್ತಿದ್ದ ಹಾಗೆ ಹತ್ತನ್ನೂ ಒಂದರ ಮೇಲೊಂದು ಪೇರಿಸಿ, ಪಕ್ಕದಲ್ಲಿ ಉಗುರು ಎಳೆದೆ. ಏಳನೆಯದನ್ನು ದಾಟಲು ಬೆರಳಿಗೆ ಒಂದು ಚೂರು ಹೆಚ್ಚು ಹೊತ್ತು ಹಿಡಿಯಿತು. ಅದು ಉಳಿದವಕ್ಕಿಂತ ಒಂದು ಚೂರು ದಪ್ಪ. ಬೆಳ್ಳಿಗಿಂತ ಹಗುರ ಲೋಹದಲ್ಲಿ, ಅಗಲ ಅಷ್ಟೇ ಇಟ್ಟು, ತೂಕ ಸರಿಮಾಡಲು ಹೋದರೆ ದಪ್ಪ ಹೆಚ್ಚಲೇಬೇಕಲ್ಲ. ಲೇತ್‌ನವರು ಕ್ಯಾಲಿಪರ್ ತೆಗೆದು ಅಳೆದು, ಮಾತಾಡದೆ ಅದನ್ನು ಡಾಕ್ಟರ ಕೈಗಿಟ್ಟರು.

ನಮಸ್ಕಾರ.