ಸೊನ್ನೆ ತೋರಿಸುತ್ತದೆಯಾ, ಮೊದಲು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಡೀಸೆಲ್ ಗಾಡಿ ಓಡಿಸುವವರಿಗೆ ಇದು ಗೊತ್ತಿರುವ ಪೇಚಾಟವೇ. ಏರು ಹತ್ತುವಾಗ ಇದ್ದಕ್ಕಿದ್ದಂತೆ ಪಿಕಪ್ ಬಿದ್ದುಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟ್ ಹತ್ತಿಕೊಳ್ಳುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಎಳೆಯುವುದಿಲ್ಲ. ಗ್ಯಾರೇಜಿಗೆ ತಂದರೆ ಸ್ಕ್ಯಾನರ್ ಹಾಕಿ ನೋಡುತ್ತಾರೆ. 'ಎಕ್ಸಾಸ್ಟ್ ಪ್ರೆಷರ್ ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು' ಅನ್ನುತ್ತಾರೆ.

ನಾನೂ ಹಾಗೇ ಅಂದವನೇ. ಕಸುಬು ಶುರುಮಾಡಿದ ಹೊಸತರಲ್ಲಿ ಒಂದು ಗಾಡಿ ಬಂತು. ಗಾಡಿಯ ಕಂಪ್ಯೂಟರ್ ಸ್ಕ್ಯಾನರ್‌ಗೆ ಹೇಳಿದ ದೋಷದ ಕೋಡ್ ಪಿ0471. ಹಿಂದೆಮುಂದೆ ನೋಡದೆ ಸೆನ್ಸರ್ ಬಿಚ್ಚಿ ಹೊಸದು ಕೂರಿಸಿದೆ, ಕೋಡ್ ಅಳಿಸಿದೆ, ಲೈಟ್ ಆರಿತು. ಮೂರನೇ ದಿನ ಮಾಲೀಕರು ವಾಪಸ್ ಬಂದರು. 'ಹೊಸದೇ ಹಾಕಿದ್ದೀರಿ ತಾನೇ?' ಅಂತ ಒಂದೇ ಮಾತು ಕೇಳಿದರು. ಸ್ಕ್ಯಾನರ್ ಹಾಕಿದರೆ ಅದೇ 0471. ಆಮೇಲೆ ಏನಾಯಿತು ಅನ್ನುವುದನ್ನು ಸ್ವಲ್ಪ ತಡೆದು ಹೇಳುತ್ತೇನೆ.

ಮೊದಲು ಈ ಸೆನ್ಸರ್ ಮಾಡುವ ಕೆಲಸ ಏನು ಅಂತ ನೋಡೋಣ. ಒಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಹೊಗೆಯ ಒತ್ತಡ ಬಿದ್ದಾಗ ಅದು ಕೂದಲೆಳೆಯಷ್ಟು ಬಾಗುತ್ತದೆ. ಬಾಗಿದ್ದಕ್ಕೆ ತಕ್ಕಂತೆ ವೋಲ್ಟೇಜ್ ಬದಲಾಗುತ್ತದೆ. ಸಾಮಾನ್ಯವಾಗಿ ಮೂರು ವೈರ್: ಒಂದರಲ್ಲಿ 5 ವೋಲ್ಟ್ ಬರುತ್ತದೆ, ಒಂದು ಅರ್ತ್, ಇನ್ನೊಂದು ಸಿಗ್ನಲ್. ಆರೋಗ್ಯವಾಗಿರುವ ಸಿಗ್ನಲ್ ಹೆಚ್ಚುಕಡಿಮೆ ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನ ಒಳಗೇ ಓಡಾಡುತ್ತದೆ.

ಇದರಲ್ಲಿ ಎರಡು ಜಾತಿ. ಒಂದಕ್ಕೆ ಒಂದೇ ಪೈಪು. ಅದು ಟರ್ಬೊಗೆ, ಅಂದರೆ ಎಂಜಿನ್‌ಗೆ ಗಾಳಿ ತುಂಬುವ ಯಂತ್ರಕ್ಕೆ, ಮೊದಲು ಎಕ್ಸಾಸ್ಟ್‌ನಲ್ಲಿ ಎಷ್ಟು ಒತ್ತಡ ಇದೆ ಅಂತ ನೋಡುತ್ತದೆ. ಇನ್ನೊಂದಕ್ಕೆ ಎರಡು ಪೈಪು. ಅದು ಡಿಪಿಎಫ್ ಅಂದರೆ ಮಸಿ ಹಿಡಿಯುವ ಫಿಲ್ಟರ್‌ನ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ ಎಷ್ಟು ಅಂತ ಅಳೆಯುತ್ತದೆ. ಫಿಲ್ಟರ್ ಕಟ್ಟಿಕೊಂಡಷ್ಟೂ ವ್ಯತ್ಯಾಸ ಜಾಸ್ತಿ. ಹೊಗೆ ಬೆಂಕಿಯಂತೆ ಸುಡುತ್ತದಲ್ಲ, ಸೆನ್ಸರ್ ಅದನ್ನು ತಾಳುವುದಿಲ್ಲ. ಅದಕ್ಕೇ ಅದನ್ನು ದೂರದಲ್ಲಿ ಕೂರಿಸಿ, ಸಣ್ಣ ಪೈಪಿನಲ್ಲಿ ಒತ್ತಡವನ್ನಷ್ಟೇ ತಂದು ಮುಟ್ಟಿಸುತ್ತಾರೆ.

ತರಲೆ ಇರುವುದು ಈ ಪೈಪಿನಲ್ಲೇ. ಒಂದು ಲೀಟರ್ ಡೀಸೆಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹಬೆಯಾಗಿ ಹೊರಬರುತ್ತದೆ. ನಂಬೋಕೆ ಕಷ್ಟ, ಅಲ್ವಾ? ಡೀಸೆಲ್‌ನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿದರೆ ನೀರೇ ತಾನೇ ಆಗುವುದು. ಆ ಹಬೆ ತಣ್ಣಗಿನ ಪೈಪಿನಲ್ಲಿ ನೀರಾಗುತ್ತದೆ, ಮಸಿಯ ಜೊತೆ ಕಲಸಿಕೊಳ್ಳುತ್ತದೆ, ಒಣಗಿ ಗಟ್ಟಿಯಾಗುತ್ತದೆ. ದಿನಾ ಒಂದೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಗೆ ಇದು ಜಾಸ್ತಿ, ಯಾಕೆಂದರೆ ಪೈಪು ಪೂರ್ತಿ ಕಾದು ಒಣಗುವುದೇ ಇಲ್ಲ.

ಈಗ ಕೋಡಿನ ವಿಷಯ. ಪಿ0470ರಿಂದ 0474ರವರೆಗೆ ಒಂದೇ ಪೈಪಿನ ಸೆನ್ಸರ್. ಪಿ2452ರಿಂದ 2456ರವರೆಗೆ ಡಿಪಿಎಫ್ ಸೆನ್ಸರ್. ಇಲ್ಲಿ ಬಹಳ ಜನ ಎಡವುತ್ತಾರೆ. 0473 ಅಂದರೆ 'ಹೈ'. ಹೈ ಅಂದ ತಕ್ಷಣ ಒತ್ತಡ ಜಾಸ್ತಿಯಾಗಿದೆ, ಸೈಲೆನ್ಸರ್ ಕಟ್ಟಿದೆ ಅಂದುಕೊಂಡು ಅದನ್ನು ಬಿಚ್ಚಲು ಹೋಗುತ್ತಾರೆ. ಅದು ಒತ್ತಡದ ಮಾತಲ್ಲ, ಸಿಗ್ನಲ್ ವೈರಿನ ವೋಲ್ಟೇಜಿನ ಮಾತು. ಅರ್ತ್ ವೈರ್ ಕಡಿದಿದ್ದರೂ ವೋಲ್ಟೇಜ್ ಮೇಲೇರಿ ಇದೇ ಕೋಡ್ ಬರಬಹುದು. 0472, 'ಲೋ', ಬಂದರೆ 5 ವೋಲ್ಟ್ ತಲುಪುತ್ತಿಲ್ಲವೋ, ಸಿಗ್ನಲ್ ವೈರ್ ಎಲ್ಲಾದರೂ ಗಾಡಿಯ ಲೋಹದ ಮೈಗೆ ತಾಗುತ್ತಿದೆಯೋ ನೋಡಬೇಕು. 0471 ಬೇರೆ ತರಹದ್ದು. ವೋಲ್ಟೇಜ್ ಮಿತಿಯಲ್ಲೇ ಇದೆ, ಆದರೆ ಎಂಜಿನ್ ಓಡುತ್ತಿರುವ ರೀತಿಗೂ ಸೆನ್ಸರ್ ಹೇಳುವ ಲೆಕ್ಕಕ್ಕೂ ತಾಳೆ ಬೀಳುತ್ತಿಲ್ಲ ಅಂತ ಅರ್ಥ. ಅಂದರೆ ಮೊದಲ ಅನುಮಾನ ಪೈಪಿನ ಮೇಲೆ.

ಸ್ಪಾನರ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಎಂಜಿನ್ ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣ ಹೇಳುತ್ತಿರುವ ಅಂಕಿ, ತೆಗೆಯಿರಿ. ಎಂಜಿನ್ ನಿಂತಿದೆ, ಹೊಗೆ ಇಲ್ಲ. ಹಾಗಾಗಿ ಎರಡು ಪೈಪಿನ ಸೆನ್ಸರ್ ಸೊನ್ನೆ ತೋರಿಸಲೇಬೇಕು. ಕೂದಲೆಳೆಯಷ್ಟು ಆಚೀಚೆ ಆದರೆ ಪರವಾಗಿಲ್ಲ. ಹೊಗೆಯೇ ಇಲ್ಲದಾಗ 20 ಹೆಕ್ಟೋಪ್ಯಾಸ್ಕಲ್, 30 ಹೆಕ್ಟೋಪ್ಯಾಸ್ಕಲ್ ಅಂತ ಹೇಳುತ್ತಿದ್ದರೆ ಅನುಮಾನ ಪಡಲೇಬೇಕು. ಆಗ ಎರಡೂ ರಬ್ಬರ್ ಪೈಪು ಸೆನ್ಸರ್‌ನಿಂದ ಕೀಳಿ. ಸೊನ್ನೆಗೆ ಬಂತೋ, ಪೈಪಿನಲ್ಲಿ ನೀರೋ ಮಸಿಯೋ ಒತ್ತಡ ಹಿಡಿದಿಟ್ಟಿತ್ತು. ಆಗಲೂ ಬರಲಿಲ್ಲವೋ, ವೈರ್ ಇಲ್ಲವೇ ಸೆನ್ಸರ್.

ಒಂದೇ ಪೈಪಿನದ್ದು ಸೊನ್ನೆ ತೋರಿಸಬೇಕಾಗಿಲ್ಲ. ಬಹಳಷ್ಟು ಗಾಡಿಗಳಲ್ಲಿ ಅದು ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿಯೇ ಹೇಳುತ್ತದೆ. ಸಮುದ್ರಮಟ್ಟದಲ್ಲಿ 101 ಕಿಲೋಪ್ಯಾಸ್ಕಲ್ ಆಸುಪಾಸು. 900 ಮೀಟರ್ ಎತ್ತರದಲ್ಲಿ ಸುಮಾರು 91. ಅಲ್ಲಿ 91 ನೋಡಿ ಗಾಬರಿ ಬೀಳಬೇಡಿ. ಪಕ್ಕದಲ್ಲೇ ಹೊರಗಿನ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೆಟ್ರಿಕ್ ಸೆನ್ಸರ್ ಮತ್ತು ಟರ್ಬೊ ತುಂಬುವ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಸೆನ್ಸರ್ ಏನು ಹೇಳುತ್ತಿವೆ ನೋಡಿ. ಎಂಜಿನ್ ನಿಂತಾಗ ಮೂರಕ್ಕೂ ಸಿಗುವುದು ಒಂದೇ ಗಾಳಿ, ಹಾಗಾಗಿ ಮೂರೂ ಹತ್ತಿರ ಹತ್ತಿರ ಒಂದೇ ಲೆಕ್ಕ ಹೇಳಬೇಕು. ಇಬ್ಬರು ಒಂದು ಹೇಳಿ ಮೂರನೆಯವನು ಬೇರೆ ಹೇಳಿದರೆ ಯಾರನ್ನು ವಿಚಾರಿಸಬೇಕು ಅನ್ನುವುದು ನಿಮಗೇ ಗೊತ್ತು. ಐದು ನಿಮಿಷದ ಈ ಪರೀಕ್ಷೆಗೆ ಒಂದು ಬೋಲ್ಟ್ ಕೂಡ ಬಿಚ್ಚಬೇಕಾಗಿಲ್ಲ. ಆದರೂ ಮಾಡುವವರು ಕಮ್ಮಿ.

ಆಮೇಲೆ ಸ್ಟಾರ್ಟ್ ಮಾಡಿ, ರೇಸ್ ಕೊಡಿ. ಕೊಟ್ಟ ಕೂಡಲೇ ಅಂಕಿ ಏರಬೇಕು, ಬಿಟ್ಟ ಕೂಡಲೇ ಇಳಿಯಬೇಕು. ಸೋಮಾರಿಯಂತೆ ನಿಧಾನವಾಗಿ ಏರಿದರೆ ಪೈಪು ಅರ್ಧ ಕಟ್ಟಿದೆ. ಅಲುಗಾಡದೆ ಕೂತಿದ್ದರೆ ಪೂರ್ತಿ ಕಟ್ಟಿದೆ, ಇಲ್ಲವೇ ಪೈಪು ಕಳಚಿದೆ. ಡಿಪಿಎಫ್ ಸೆನ್ಸರ್‌ನಲ್ಲಿ ಅಂಕಿ ಮೈನಸ್‌ಗೆ ಹೋದರೆ ಯಾರೋ ಎರಡು ಪೈಪು ಅದಲುಬದಲು ಹಾಕಿರಬಹುದು. ನಗಬೇಡಿ, ಕೆಲಸ ಬಲ್ಲವರ ಕೈಯಲ್ಲೂ ಇದು ಆಗುತ್ತದೆ. ಇನ್ನು ಕೀ ಆನ್ ಮಾಡಿದಾಗ ಸರಿಯಾಗಿ ಸೊನ್ನೆ ತೋರಿಸಿ, ರೇಸ್ ಕೊಟ್ಟಾಗ ತಕ್ಷಣ ಏರಿ, ಆ ಅಂಕಿಯೇ ವಿಪರೀತ ಜಾಸ್ತಿ ಇದ್ದರೆ, ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಫಿಲ್ಟರ್ ಕಟ್ಟಿದೆ. ಮಸಿ ಯಾಕೆ ಇಷ್ಟು ಬರುತ್ತಿದೆ ಅಂತ ಇಂಜೆಕ್ಟರ್, ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್‌ಗೆ ಬಿಡುವ ಇಜಿಆರ್, ಟರ್ಬೊ ಪೈಪಿನ ಗಾಳಿ ಸೋರಿಕೆ ಕಡೆ ಹೋಗಬೇಕು. ಆ ಕಥೆಗೆ ಇನ್ನೊಂದು ದಿನ ಬೇಕು.

ಸರಿ, ನನ್ನ ಗಾಡಿಗೆ ಬರೋಣ. ಅವತ್ತು ಎಂಜಿನ್ ತಣ್ಣಗಾಗುವವರೆಗೆ ಕಾದೆ. ಇದು ಮುಖ್ಯ, ಬಿಸಿ ಎಕ್ಸಾಸ್ಟ್‌ಗೆ ಕೈ ಹಾಕಬಾರದು. ಸಣ್ಣ ಲೋಹದ ಪೈಪಿನ ಎರಡೂ ತುದಿ ಬಿಚ್ಚಿ ಬೆಳಕಿಗೆ ಹಿಡಿದೆ. ಬೆಳಕು ಕಾಣಲಿಲ್ಲ. ಗಟ್ಟಿ ತಂತಿ ತೂರಿಸಿ ತಿರುಗಿಸುತ್ತಾ ಬಂದೆ. ಕೊನೆಗೆ ಒಳಗಿನಿಂದ ಪೆನ್ಸಿಲ್ ಸೀಸದ ಹಾಗೆ ಗಟ್ಟಿಯಾದ ಕರೀ ತುಂಡು ಜಾರಿ ಅಂಗೈಗೆ ಬಿತ್ತು. ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಕಾಡಿಗೆಯಾಯಿತು. ಆಮೇಲೆ ಗಾಳಿ ಹೊಡೆದೆ. ಗಾಳಿ ಹೊಡೆಯುವಾಗ ಸೆನ್ಸರ್ ಕಡೆಯ ತುದಿ ಕಳಚಿಯೇ ಇರಬೇಕು, ನೆನಪಿಡಿ. ಕಂಪ್ರೆಸರ್ ಗಾಳಿ ತಗುಲಿದರೆ ಒಳಗಿನ ಪೊರೆ ಸುಮ್ನೆ ಹರಿದುಹೋಗುತ್ತದೆ. ಸೆನ್ಸರ್ ಬಾಯಿಗೆ ತಂತಿ ತೂರಿಸುವುದೂ ಬೇಡ.

ವೈರಿನ ಕಡೆ ಜಾಸ್ತಿ ಹೇಳುವುದಿಲ್ಲ. ಕನೆಕ್ಟರ್ ತೆಗೆದು ಹಸಿರು ತುಕ್ಕು ಹಿಡಿದಿದೆಯಾ ನೋಡಿ, ಮೀಟರ್‌ನಲ್ಲಿ 5 ವೋಲ್ಟ್ ಬರುತ್ತಿದೆಯಾ ಅಳೆಯಿರಿ, ಅರ್ತ್ ಗಟ್ಟಿಯಾಗಿದೆಯಾ ಪರೀಕ್ಷಿಸಿ. ಲೈವ್ ಡೇಟಾ ನೋಡುತ್ತಾ ವೈರ್ ಅಲ್ಲಾಡಿಸಿ. ಅಂಕಿ ಕುಣಿದರೆ ಕಳ್ಳ ಅಲ್ಲೇ ಸಿಕ್ಕಿದ.

ರಬ್ಬರ್ ಪೈಪು ಹೊಸದು ಹಾಕುವಾಗ ಅಳತೆ ಸರಿ ಇರಲಿ. ಉದ್ದ ಜಾಸ್ತಿಯಾಗಿ ನಡುವೆ ಜೋತುಬಿದ್ದರೆ ಆ ಹಳ್ಳದಲ್ಲಿ ನೀರು ನಿಲ್ಲುತ್ತದೆ. ಸೆನ್ಸರ್‌ನಿಂದ ಕೆಳಗೆ ನೀರು ಹರಿದುಹೋಗುವ ಹಾಗೆ ಇಳಿಜಾರು ಇರಬೇಕು. ಚಳಿ ಪ್ರದೇಶದಲ್ಲಿ ಆ ನೀರು ಹೆಪ್ಪುಗಟ್ಟಿ ಬೆಳಗ್ಗೆ ಮಾತ್ರ ಕೋಡ್ ಬರುತ್ತದೆ, ಮಧ್ಯಾಹ್ನ ಗ್ಯಾರೇಜಿಗೆ ತಂದರೆ ಎಲ್ಲ ಸರಿ! ಮತ್ತೆ, ನಿಜವಾಗಿಯೂ ಹೊಸ ಸೆನ್ಸರ್ ಹಾಕಿದರೆ ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್‌ನಿಂದ ಅದಕ್ಕೆ ಸೊನ್ನೆ ಕಲಿಸಬೇಕು. ಅದನ್ನು ಮರೆತರೆ ಗಾಡಿಯ ಕಂಪ್ಯೂಟರ್ ಹಳೆ ಲೆಕ್ಕವನ್ನೇ ಹಿಡಿದುಕೊಂಡಿರುತ್ತದೆ.

ಪೈಪು ಸ್ವಚ್ಛ ಮಾಡಿದ ಮೇಲೆ ಆ ಗಾಡಿಯಲ್ಲಿ 0471 ಮತ್ತೆ ಬರಲಿಲ್ಲ. ನಾನು ಬಿಚ್ಚಿ ಡಬ್ಬಕ್ಕೆ ಹಾಕಿದ್ದ ಹಳೆ ಸೆನ್ಸರ್ ತೆಗೆದು, ಬಾಯಿ ಒರೆಸಿ, ಅದನ್ನೇ ವಾಪಸ್ ಕೂರಿಸಿ ಕೀ ಆನ್ ಮಾಡಿದೆ. ಬ್ಯಾರೋಮೆಟ್ರಿಕ್ ಸೆನ್ಸರ್ ಹೇಳಿದ ಅಂಕಿಯನ್ನೇ ಅದೂ ಹೇಳಿತು. ಹೊಸದನ್ನು ಮಾಲೀಕರಿಂದ ವಾಪಸ್ ತೆಗೆದುಕೊಂಡು ದುಡ್ಡು ಕೊಟ್ಟುಬಿಟ್ಟೆ.

ನಮಸ್ಕಾರ.